ಭಿಡೆಗೆ ಬಿದ್ದು ಸೀರೆ ಕೊಳ್ಳಬೇಡಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿಗಳಿಂದ ಬಸ್ ಹತ್ತಿ ಪೇಟೆಗೆ ಬರುವ ಹಿರಿಯರೇ,

ಲಗ್ನದ ಸೀಜನ್ ಶುರುವಾಯಿತೆಂದರೆ ದುರ್ಗದಬೈಲ್, ಬ್ರಾಡ್‌ವೇ, ಕೊಪ್ಪಿಕರ ರಸ್ತೆ, ದಾಜಿಬಾನಪೇಟೆ ಎಲ್ಲ ಕಡೆ ಮೈಗೆ ಮೈ ತಾಗಿಸಿಕೊಂಡೇ ನಡೆಯಬೇಕು. ಧಾರವಾಡದವರಿಗೆ ಮನೆ ಹತ್ತಿರವೇ ಸುಭಾಸ ರಸ್ತೆ ಇದ್ದರೂ ಮದುವೆ ಬಸ್ತಾ ಮಾತ್ರ ಹುಬ್ಬಳ್ಳಿಯಲ್ಲೇ ಆಗಬೇಕು. ಗದಗ, ಹಾವೇರಿ, ಕೊಪ್ಪಳದವರು, ಘಟ್ಟದ ಅಂಚಿನ ಶಿರಸಿ-ಯಲ್ಲಾಪುರದವರು ಕೂಡ ಇಲ್ಲಿಗೇ ಬರುತ್ತಾರೆ. ಹೀಗೆ ಬಂದು ಹೊತ್ತೊಯ್ಯುವ ಗಂಟಿನಲ್ಲಿ ಒಂದೆರಡು ಸೀರೆಗಳಾದರೂ ಯಾರಿಗೂ ಬೇಕಾಗಿದ್ದವಲ್ಲ. ಬೇಡ ಅನ್ನಲು ನಾಲಿಗೆ ಏಳಲಿಲ್ಲ, ಅಷ್ಟೇ. ನಿಮ್ಮ ಕಪಾಟಿನ ತಳದಲ್ಲಿ ರೇಟಿನ ಚೀಟಿ ಸಮೇತ ಬಿದ್ದುಕೊಂಡಿರುವುದು ಬಹುಶಃ ಇಂಥದ್ದೇ ಒಂದು. ನನ್ನ ಮನವಿ ಅದರ ಬಗ್ಗೆ.

ಬೀದಿಯಲ್ಲಿ ಕೂಗಿ ಮಾರುವವರ ಮೇಲೆ ನನ್ನ ತಕರಾರಿಲ್ಲ. ಸಂಜೆ ಹೊತ್ತು ದುರ್ಗದಬೈಲಿನಲ್ಲಿ ಕೂಗು ನಿಂತರೆ ಆ ಜಾಗವೇ ಸಪ್ಪಗಾದೀತು. ‘ಬರ್ರಿ ಅಕ್ಕಾರ, ನೋಡಾಕೇನ ರೊಕ್ಕ ಕೊಡಬೇಕೇನ್ರಿ?’ ಎಂದರೆ ನಕ್ಕು ಮುಂದೆ ಹೋಗಬಹುದು; ಕರೆದವನೂ ನಕ್ಕು ನಿಮ್ಮ ಹಿಂದಿನವರನ್ನು ಕರೆಯುತ್ತಾನೆ. ಆ ಕರೆ ದಾರಿಗೆ ಅಡ್ಡ ನಿಂತಾಗ, ಕೈಯೊಳಗಿನ ಚೀಲ ಇಸಿದುಕೊಂಡು ‘ಒಳಗ ಇಟ್ಟಿರ್ತೀನ್ರಿ’ ಎಂದಾಗ, ಒಳಗೆ ಹೋದವರು ಹೊರಗೆ ಬರಲು ಕಾರಣ ಕೊಡಬೇಕಾಗಿ ಬಂದಾಗ ನನ್ನ ತಕರಾರು ಶುರುವಾಗುತ್ತದೆ.

ಒಳಗಿನ ಕತೆ ನಿಮಗೆ ಗೊತ್ತೇ ಇದೆ. ಬಿಳಿ ಹೊದಿಕೆಯ ಗಾದಿ. ಕೂತ ಕೂಡಲೇ ‘ಚಾ ತರಸ್ಲೇನ್ರಿ?’ ಬೇಡವೆಂದರೂ ಚಾ ಬರುತ್ತದೆ, ಮಕ್ಕಳಿದ್ದರೆ ತಂಪು ಬಾಟಲಿ. ನೀವು ಕೇಳಿದ್ದು ಎರಡು ಸಾವಿರದೊಳಗಿನ ಇಳಕಲ್ ಸೀರೆ. ಅವರು ಬಿಚ್ಚುವುದು ನಾಲ್ಕು ಸಾವಿರದಿಂದ. ‘ತೊಗೋಬ್ಯಾಡ್ರಿ, ಸುಮ್ಮ ನೋಡ್ರಿ’ ಎನ್ನುತ್ತಲೇ ಒಂದರ ಮೇಲೊಂದು ಹರವಿ ಗುಡ್ಡೆ ಹಾಕುತ್ತಾರೆ. ‘ಇದು ಲಾಸ್ಟ್ ಪೀಸ್ ಐತ್ರಿ’, ‘ಈಗಷ್ಟ ಒಬ್ಬರು ತಗದ ಇಡ್ರಿ ಅಂತ ಹೇಳಿ ಹೋಗ್ಯಾರ.’ ಮಗಳ ಲಗ್ನ ಎಂದು ಗೊತ್ತಾದರಂತೂ ದನಿಯೇ ಬೇರೆ: ‘ಇರೂದ ಒಬ್ಬಾಕಿ ಮಗಳು, ಆಕಿ ಲಗ್ನಕ್ಕೂ ಲೆಕ್ಕಾ ಹಾಕಿದ್ರ ಹೆಂಗ್ರಿ ಅವ್ವಾರ?’ ಇಷ್ಟಾದ ಮೇಲೂ ನೀವು ಏಳಲು ಹೊರಟಿರಿ ಎನ್ನಿ. ಅಕ್ಕಾರ, ಅವ್ವಾರ ಎಲ್ಲ ಅಲ್ಲಿಗೆ ಮುಗಿಯಿತು. ‘ಇಷ್ಟೆಲ್ಲಾ ತೆಗಿಸಿ ಒಂದರ ತೊಗೊಳ್ಳೂದಿಲ್ಲೇನ್ರಿ?’ ಆಮೇಲೆ ಪಕ್ಕದವನ ಕಡೆ ತಿರುಗಿ, ಆದರೆ ನಿಮಗೆ ಕೇಳುವಷ್ಟು ಗಟ್ಟಿಯಾಗಿ: ‘ಮಡಚಲೇ, ಟೈಂಪಾಸ್ ಗಿರಾಕಿ.’

ಬೆಳಗಿನ ಹೊತ್ತಾದರೆ ಇದಕ್ಕೆ ಬೋಣಿಯ ಭಾರವೂ ಸೇರುತ್ತದೆ. ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ದಿನವಿಡೀ ವ್ಯಾಪಾರ ಕೂಡುವುದಿಲ್ಲವೆಂಬ ನಂಬಿಕೆ ಅವರದು. ಇರಲಿ. ಅವರ ನಂಬಿಕೆಯ ಖರ್ಚು ನಮ್ಮ ಕಿಸೆಯಿಂದ ಯಾಕೆ?

ರಾಬರ್ಟ್ ಚಾಲ್ಡೀನಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಗುರುತು ಮರೆಸಿಕೊಂಡು ಮಾರಾಟಗಾರರ ತರಬೇತಿಗಳಿಗೆ ಸೇರಿ, ಅಲ್ಲಿ ಕಂಡದ್ದನ್ನು 1984ರಲ್ಲಿ ‘ಇನ್‌ಫ್ಲುಯೆನ್ಸ್’ ಎಂಬ ಪುಸ್ತಕದಲ್ಲಿ ಬರೆದ. ಸಣ್ಣದೊಂದು ಉಪಕಾರ ಪಡೆದವರು ಅದಕ್ಕಿಂತ ಎಷ್ಟೋ ದೊಡ್ಡದನ್ನು ಹಿಂದಿರುಗಿಸಲು ತಯಾರಾಗುತ್ತಾರೆ ಎಂಬುದು ಅವನು ಹೇಳುವ ಮುಖ್ಯ ಮಾತುಗಳಲ್ಲೊಂದು. ನಮ್ಮ ಸಾವಕಾರರಿಗೆ ಇದು ಪುಸ್ತಕ ಓದದೆಯೇ ಗೊತ್ತಿತ್ತು. ಮನೆಗೆ ಬಂದವರನ್ನು ಚಾ ಕುಡಿಸದೆ ಕಳಿಸದ ಊರು ನಮ್ಮದು. ಅಂಥವರು ಇನ್ನೊಬ್ಬರ ಚಾ ಕುಡಿದು ಬರಿಗೈಯಲ್ಲಿ ಎದ್ದು ಬರುವುದೆಂದರೆ ಸಂಕಟವೇ. ಹತ್ತು ರೂಪಾಯಿಯ ಚಾ ಹೀಗೆ ಎರಡು ಸಾವಿರದ ಗಿರಾಕಿಯನ್ನು ನಾಲ್ಕು ಸಾವಿರಕ್ಕೆ ಏರಿಸುತ್ತದೆ.

ತಮಾಷೆಯ ಸಂಗತಿ ಏನೆಂದರೆ, ಇದೇ ಆಟವನ್ನು ಮೊಬೈಲಿನ ಪರದೆಯ ಮೇಲೆ ಆಡಿದರೆ ಈಗ ತಪ್ಪು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಬಗೆಯ ಕುಟಿಲ ತಂತ್ರಗಳನ್ನು ನಿಷೇಧಿಸಿದೆ. ‘ಒಂದೇ ಉಳಿದಿದೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಬೇಡ ಎಂದವರು ನಾಚಿಕೊಳ್ಳುವಂತೆ ಮಾಡುವುದು, ಕೇಳದ ಸಾಮಾನನ್ನು ಬುಟ್ಟಿಗೆ ಸೇರಿಸುವುದು ಎಲ್ಲ ಅದರಲ್ಲಿವೆ. ಗಾದಿಯ ಮೇಲೆ ಆಡಿದರೆ ಮಾತ್ರ ಅದು ಇನ್ನೂ ವ್ಯಾಪಾರದ ಜಾಣತನ.

ಒತ್ತಾಯಕ್ಕೆ ಗುರಿಯಾಗಬೇಕಾದರೂ ನಿಮ್ಮ ಹತ್ತಿರ ರೊಕ್ಕ ಇದೆ ಎಂದು ಅವರಿಗೆ ಅನ್ನಿಸಿರಬೇಕು. ಇಲ್ಲ ಅನ್ನಿಸಿದರೆ ತಿರುಗಿಯೂ ನೋಡುವುದಿಲ್ಲ. ಧೋತರ, ರುಮಾಲು, ಧೂಳು ಹಿಡಿದ ಚಪ್ಪಲಿ ಕಂಡರೆ ಸಾಕು, ಚಾ ಇಲ್ಲ, ಗಾದಿ ಇಲ್ಲ. ‘ಮೊದಲ ನಿಮ್ಮ ರೇಂಜ್ ಹೇಳ್ರಿ.’ ‘ಅದು ಕಾಸ್ಟ್ಲಿ ಐತಿ, ಮುಟ್ಟಬ್ಯಾಡ್ರಿ.’ 2022ರ ಜನವರಿಯಲ್ಲಿ ತುಮಕೂರಿನಲ್ಲಿ ಮಹೀಂದ್ರ ವಾಹನಗಳ ಮಳಿಗೆಗೆ ಬೊಲೆರೊ ಪಿಕಪ್ ಕೊಳ್ಳಲು ಹೋದ ರೈತನಿಗೆ, ನಿನ್ನ ಜೇಬಿನಲ್ಲಿ ಹತ್ತು ರೂಪಾಯಿಯಾದರೂ ಇದೆಯೇ ಎಂಬರ್ಥದ ಮಾತು ಕೇಳಬೇಕಾಯಿತು. ಆತ ಒಂದು ತಾಸಿನೊಳಗೆ ಹತ್ತು ಲಕ್ಷ ರೂಪಾಯಿ ಹೊಂದಿಸಿ ತಂದು, ಈಗಲೇ ಗಾಡಿ ಕೊಡಿ ಎಂದು ಕೂತ. ಮಳಿಗೆಯವರ ಹತ್ತಿರ ಕೊಡಲು ಗಾಡಿ ಇರಲಿಲ್ಲ. ವಿಡಿಯೊ ಊರೆಲ್ಲ ಹರಿದಾಡಿತು, ಪ್ರಕರಣ ಪೊಲೀಸರವರೆಗೆ ಹೋಯಿತು, ಕೊನೆಗೆ ಕ್ಷಮೆ ಕೇಳಿ ಗಾಡಿ ಮುಟ್ಟಿಸಿದರು. ಎರಡೂವರೆ ವರ್ಷದ ನಂತರ, 2024ರ ಜುಲೈಯಲ್ಲಿ, ನಮ್ಮ ನೆರೆಯ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲೆಂದು ಬೆಂಗಳೂರಿನ ಜಿ.ಟಿ. ಮಾಲ್‌ಗೆ ಹೋದರು. ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ವಿಷಯ ವಿಧಾನಸಭೆಯಲ್ಲಿ ಪ್ರಸ್ತಾಪವಾಗಿ, ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಅಲ್ಲಿ ತಡೆದವನು ಕಾವಲುಗಾರ, ಮಾರಾಟಗಾರನಲ್ಲ. ಆದರೆ ಇಬ್ಬರೂ ಮನುಷ್ಯನನ್ನು ಅಳೆದದ್ದು ಅರಿವೆಯಿಂದಲೇ.

ತುಮಕೂರಿನ ರೈತ ಗೆದ್ದನೆಂದು ನಾವೆಲ್ಲ ಖುಷಿಪಟ್ಟೆವು. ನನಗೆ ಆ ಕತೆ ಪೂರ್ತಿ ಹಿತವೆನಿಸಿಲ್ಲ. ಹತ್ತು ಲಕ್ಷ ತಂದು ಮೇಜಿನ ಮೇಲಿಟ್ಟದ್ದಕ್ಕೆ ಮರ್ಯಾದೆ ಸಿಕ್ಕಿತು. ತರಲಾಗದವನು ಬಂದಿದ್ದರೆ? ನಿಜವಾಗಿಯೂ ಜೇಬಿನಲ್ಲಿ ಹತ್ತೇ ರೂಪಾಯಿ ಇಟ್ಟುಕೊಂಡು, ಬರುವ ವರ್ಷ ಕೊಳ್ಳೋಣವೆಂದು ರೇಟು ಕೇಳಲು ಬಂದವನಿಗೆ ಅದೇ ಕುರ್ಚಿ, ಅದೇ ಮಾತು ಸಿಗಬೇಕಿತ್ತಲ್ಲ? ನಮ್ಮ ಪೇಟೆಯಲ್ಲಿ ದಿನಾ ಇಂಥ ಮಾತು ಕೇಳಿಸಿಕೊಂಡು ಹೊರಗೆ ಬರುವವರ ಕೈಯಲ್ಲಿ ಹತ್ತು ಲಕ್ಷ ಇರುವುದಿಲ್ಲ, ವಿಡಿಯೊ ಮಾಡುವ ಮಗನೂ ಜೊತೆಗಿರುವುದಿಲ್ಲ. ಪಕ್ಕದ ಗಾದಿಯ ಮೇಲೆ ನೀವು ಕೂತಿರುತ್ತೀರಿ. ಆಗ ದಯವಿಟ್ಟು ಸುಮ್ಮನಿರಬೇಡಿ. ‘ಯಾಕ್ರಿ, ಅವರಿಗೂ ತೋರಸ್ರಿ, ನಾವು ಕಾಯ್ತೀವಿ’ ಎನ್ನಿ. ಜಗಳ ಬೇಕಿಲ್ಲ. ರೊಕ್ಕವಿರುವ ಗಿರಾಕಿಯ ಬಾಯಿಂದ ಬಂದ ಈ ಒಂದು ಮಾತಿಗೆ ಅಂಗಡಿಯಲ್ಲಿ ಇರುವ ತೂಕ ದೊಡ್ಡದು.

ಇನ್ನು, ಸೀರೆ ಬಿಚ್ಚಿದ ಹುಡುಗನ ವಿಷಯ. ಅವನ ಮೇಲೆ ಕೂಗಾಡಿ ಬಂದವರೂ ನಮ್ಮಲ್ಲಿ ಕಡಿಮೆಯಿಲ್ಲ. ‘ನಿನ್ನ ನೌಕರಿ ಕಳೀತೀನಿ’ ಎನ್ನುವುದನ್ನು ನಾನೇ ಕೇಳಿದ್ದೇನೆ, ಅದೂ ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿಯವರ ಬಾಯಲ್ಲಿ. ಸ್ವಲ್ಪ ತಡೆಯಿರಿ. ದೊಡ್ಡ ಅಂಗಡಿಗಳಲ್ಲಿ ಆ ಹುಡುಗನಿಗೆ ತಿಂಗಳ ಟಾರ್ಗೆಟ್ ಇರುತ್ತದೆ. ವರ್ಷದಿಂದ ಹೋಗದೆ ಉಳಿದ ಮಾಲು ಸಾಗಿಸಿದರೆ ಮೇಲೆ ನಾಲ್ಕು ಕಾಸು; ಅದಕ್ಕೇ ನೀವು ಕೇಳದ ಬಣ್ಣವೇ ಮೊದಲು ಬಿಚ್ಚಿಕೊಳ್ಳುವುದು. ಗಿರಾಕಿ ಖಾಲಿ ಕೈಯಲ್ಲಿ ಎದ್ದು ಹೋದರೆ ಗಲ್ಲಾಪೆಟ್ಟಿಗೆಯ ಕಡೆಯಿಂದ ಒಂದು ನೋಟ ಬರುತ್ತದೆ, ರಾತ್ರಿ ಶಟರ್ ಇಳಿಸುವಾಗ ಮಾತೂ ಬರುತ್ತದೆ. ನಿಮಗೆ ಕೇಳಿಸಿದ ಒರಟು ಮಾತಿನಲ್ಲಿ ಅರ್ಧ ಅಲ್ಲಿಂದ ಬಂದದ್ದು. ಮೊಬೈಲ್ ಅಂಗಡಿಯ ಲೆಕ್ಕ ಇನ್ನೊಂದು ಥರ. ಒಂದೇ ಕಂಪನಿಯ ಫೋನನ್ನು ಬಿಡದೆ ಹೊಗಳುವ ಹುಡುಗ ಎಷ್ಟೋ ಸಲ ಆ ಅಂಗಡಿಯವನೇ ಅಲ್ಲ. ಫೋನಿನ ಕಂಪನಿಯೇ ಪಗಾರ ಕೊಟ್ಟು ಅಲ್ಲಿ ನಿಲ್ಲಿಸಿರುತ್ತದೆ. ‘ತಮ್ಮಾ, ನೀನು ಅಂಗಡಿಯಾಂವೋ ಕಂಪನಿಯಾಂವೋ?’ ಎಂದು ಮೊದಲೇ ಕೇಳಿಬಿಟ್ಟರೆ ಅವನ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ತಿಳಿಯುತ್ತದೆ.

ಮುಂಜಾನೆಯಿಂದ ರಾತ್ರಿಯವರೆಗೆ ನಿಂತೇ ಇರುವ ಕೆಲಸ ಅದು. ಕೇರಳದಲ್ಲಿ ಅರಿವೆ ಅಂಗಡಿಯ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಕೋಯಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ಹೊತ್ತಿದ ಕಿಡಿ ಅದು. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ಕಾನೂನು ತಿದ್ದಿ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂದು ಹೇಳಿದವು. ಹತ್ತು ತಾಸು ನಿಂತ ಕಾಲಿನಿಂದ ನಗುಮುಖ ಬಯಸುವ ಮೊದಲು ನಮ್ಮ ಅಂಗಡಿಗಳಲ್ಲೂ ಒಂದೊಂದು ಸ್ಟೂಲ್ ಇದೆಯೇ ಎಂದು ಕಣ್ಣಾಡಿಸಬಾರದೇ? ಹಾಗಾಗಿ ದೂರು ಇದ್ದರೆ ಗಲ್ಲಾದ ಮೇಲೆ ಕೂತವರಿಗೆ ಹೇಳಿ, ಹುಡುಗನ ಹೆಸರು ಹಿಡಿದು ಅಲ್ಲ, ಅಂಗಡಿಯ ರೀತಿಯನ್ನು ಹಿಡಿದು: ‘ಸಾವಕಾರ್ರ, ನಿಮ್ಮಲ್ಲಿ ಮಾಲು ಚಲೋ ಐತಿ. ಆದ್ರ ಬ್ಯಾಡ ಅಂದ್ರ ಸಿಟ್ಟಾಗ್ತಾರ, ಅದಕ್ಕ ಬರೂದು ಬಿಟ್ಟೇವಿ.’ ಯಾವ ಸಾವಕಾರನೂ ಇದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಇರಲಾರ.

ಎಲ್ಲಕ್ಕಿಂತ ಮೊದಲು ನಾವು ಬೇಡ ಎನ್ನುವುದನ್ನು ರೂಢಿ ಮಾಡಿಕೊಳ್ಳಬೇಕು. ‘ಮುಂದ ಹೋಗಿ ಬರ್ತೀವ್ರಿ’ ಎನ್ನುವುದು ನಮ್ಮ ಹಳೆಯ ಉಪಾಯ. ಅದು ಸುಳ್ಳೆಂದು ಪೇಟೆಯ ಪ್ರತಿ ಅಂಗಡಿಗೂ ಗೊತ್ತು. ಅದಕ್ಕೇ ಕೂಡಲೇ ‘ಎಲ್ಲಿ ಹೋದ್ರೂ ಈ ರೇಟ್ ಸಿಗೂದಿಲ್ರಿ’ ಎಂದು ಮತ್ತೆ ಕೂರಿಸುತ್ತಾರೆ. ‘ಮನಸ್ಸಿಗೆ ಬರಲಿಲ್ಲರಿ, ಬ್ಯಾಡ’ ಎಂದು ಒಂದೇ ಸಲ ಹೇಳಿ ಏಳಿ. ಕಾರಣ ಕೊಡಬೇಡಿ. ಬಣ್ಣ ಸರಿಯಿಲ್ಲ ಎಂದರೆ ಇನ್ನೊಂದು ಬಣ್ಣ ಬರುತ್ತದೆ, ರೊಕ್ಕ ಕಡಿಮೆ ಬಿತ್ತು ಎಂದರೆ ಫೋನ್‌ಪೇ ಇದೆಯಲ್ಲ ಎನ್ನುತ್ತಾರೆ. ಕೂರುವ ಮೊದಲೇ ಎಷ್ಟರೊಳಗೆ ಬೇಕೆಂದು ಹೇಳಿ. ಮೀರಿದ್ದನ್ನು ಬಿಚ್ಚಹೊರಟರೆ ಅಲ್ಲಿಯೇ ತಡೆಯಿರಿ. ಹಾಗೆಯೇ ನಮ್ಮ ತಪ್ಪೂ ಇದೆ: ಕೊಳ್ಳುವ ವಿಚಾರವೇ ಇಲ್ಲದೆ, ಮಧ್ಯಾಹ್ನದ ಬಿಸಿಲು ಕಳೆಯಲೆಂದು ಒಳಹೊಕ್ಕು ನಲವತ್ತು ಸೀರೆ ತೆಗೆಸುವವರು ದಯಮಾಡಿ ಆ ಹುಡುಗರ ಕೈಯನ್ನೂ ನೆನೆಯಿರಿ.

ಬೇಡ ಎನ್ನುವುದು ಬಿಲ್ಲಿಗಿಂತ ಮೊದಲೇ ಆಗಬೇಕು, ಯಾಕೆಂದರೆ ಭಿಡೆಗೆ ಬಿದ್ದು ಕೊಂಡದ್ದನ್ನು ಕಾನೂನು ವಾಪಸ್ ಕೊಡಿಸುವುದಿಲ್ಲ. ಮನಸ್ಸು ಬದಲಾಯಿತು ಎಂಬುದು ಅದಕ್ಕೆ ಕಾರಣವಲ್ಲ. ಮಾಲಿನಲ್ಲಿ ದೋಷವಿದ್ದರೆ ಮಾತ್ರ ನಿಮ್ಮ ಕೈ ಮೇಲಾಗುತ್ತದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ಒಪ್ಪದಿರುವುದೂ ಅನುಚಿತ ವ್ಯಾಪಾರ. ಬಿಲ್ ಮಾಡುವಾಗ ಫೋನ್ ನಂಬರ್ ಕೊಟ್ಟೇ ತೀರಬೇಕೆಂದಿಲ್ಲ. ಹಾಗೆ ಪಟ್ಟು ಹಿಡಿಯಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ತಿಳಿಸಿದೆ. 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಧಾರವಾಡ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಕೊಟ್ಟ ರೊಕ್ಕ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ.

ಆದರೆ ‘ಟೈಂಪಾಸ್ ಗಿರಾಕಿ’ ಎಂಬ ಮಾತಿಗೆ ಯಾವ ಆಯೋಗಕ್ಕೆ ಹೋಗುತ್ತೀರಿ? ಅದನ್ನು ಪೇಟೆಯೇ ತಿದ್ದಿಕೊಳ್ಳಬೇಕು. ಹುಬ್ಬಳ್ಳಿಯಲ್ಲಿ 1928ರಿಂದ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಇದೆ. ರಸ್ತೆ, ತೆರಿಗೆ, ವಿಮಾನ, ರೈಲು ಎಂದು ಸರ್ಕಾರಕ್ಕೆ ಮನವಿ ಕೊಡುವ ಹಿರಿಯರು ಅಲ್ಲಿದ್ದಾರೆ. ಅವರಿಗೆ ಈ ಸಲ ನಮ್ಮದೊಂದು ಮನವಿ: ಮುಂದಿನ ಲಗ್ನದ ಸೀಜನ್ನಿಗೆ ಮೊದಲು ನಿಮ್ಮ ಸದಸ್ಯರ ಅಂಗಡಿಗಳಲ್ಲಿ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡು ಇಳಿಸಿ. ಎದ್ದು ಹೋದ ಗಿರಾಕಿಯ ಲೆಕ್ಕವನ್ನು ಹುಡುಗರ ತಲೆಗೆ ಕಟ್ಟುವುದನ್ನು ನಿಲ್ಲಿಸಿ. ಗಾದಿಯ ಹಿಂದೆ ಅವರಿಗೊಂದು ಸ್ಟೂಲ್ ಹಾಕಿ. ಚಾ ಕೊಡುವುದನ್ನು ಮಾತ್ರ ಬಿಡಬೇಡಿ. ಇನ್ನು ಮೇಲೆ ಕುಡಿದು, ಬೇಡ ಎಂದು ಹೇಳಿ, ನಮಸ್ಕಾರ ಮಾಡಿ ಎದ್ದು ಬರುತ್ತೇವೆ.