ಕೋವಿ ಯಜಮಾನನದು, ಸಾವು ಯಾರದು?

ಮಾಯಸಂದ್ರದಿಂದ ದಕ್ಷಿಣಕ್ಕೆ ಹೊರಟರೆ ಬಹುಬೇಗ ನಾಗಮಂಗಲ ತಾಲೂಕು ಎದುರಾಗುತ್ತದೆ. 2025ರ ಫೆಬ್ರವರಿಯಲ್ಲಿ ಆ ತಾಲೂಕಿನ ಕೋಳಿ ಫಾರಂ ಒಂದರಲ್ಲಿ ಹದಿಹರೆಯದ ಬಾಲಕನೊಬ್ಬ ಕೈಗೆ ಸಿಕ್ಕ ಕೋವಿಯೊಂದಿಗೆ ಆಟವಾಡುತ್ತಿದ್ದಾಗ ಗುಂಡು ಹಾರಿ ಎಳೆಯ ಮಗುವೊಂದು ಅಸುನೀಗಿತು. ತಾಯಿಯೂ ಗಾಯಗೊಂಡರು. ಅದು ಪಶ್ಚಿಮ ಬಂಗಾಳದಿಂದ ಕೂಲಿಗೆಂದು ಬಂದ ಕುಟುಂಬ. ಕೋವಿ ಅವರದಾಗಿರಲಿಲ್ಲ.

ಇದನ್ನು ಆಕಸ್ಮಿಕವೆಂದು ಕರೆದು ಕೈತೊಳೆದುಕೊಳ್ಳಬಹುದೇ? ಗುಂಡು ತುಂಬಿದ ಕೋವಿಯನ್ನು ಮಕ್ಕಳ ಕೈಗೆಟಕುವಲ್ಲಿ ಬಿಡುವುದು ಆಕಸ್ಮಿಕವಲ್ಲ, ಅದೊಂದು ತೀರ್ಮಾನ. ಪರವಾನಗಿ ಒಬ್ಬನ ಹೆಸರಿನಲ್ಲಿರುತ್ತದೆ. ಅಪಾಯವನ್ನು ಮಾತ್ರ ಮನೆಮಂದಿಯೂ ಆಳುಕಾಳುಗಳೂ ಹಂಚಿಕೊಳ್ಳಬೇಕು. ಕೋವಿ ಎಲ್ಲಿರಬೇಕು, ತೋಟೆ ಎಲ್ಲಿರಬೇಕು, ಬೀಗದ ಕೈ ಯಾರ ಬಳಿ ಇರಬೇಕು ಎಂದು ಮಡದಿಯನ್ನು ಕೇಳಿದ ಯಜಮಾನರೆಷ್ಟು? ತೋಟದ ಶೆಡ್ಡಿನಲ್ಲಿ ಮಲಗುವ ಕೂಲಿಯವನನ್ನು ಕೇಳುವ ಮಾತಂತೂ ದೂರವೇ ಉಳಿಯಿತು.

ಚಿರತೆ ಬಂದಾಗ ಬೀಗ ಹುಡುಕುತ್ತಾ ಕೂರಬೇಕೇ ಎಂದು ಕೆಲವರು ಕೇಳುತ್ತಾರೆ. ಚುನಾವಣೆ ಘೋಷಣೆಯಾದಾಗ ಇದೇ ಕೋವಿಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ವಾರಗಟ್ಟಲೆ ಬರಿಗೈಯಲ್ಲಿ ತೋಟ ಕಾಯುವವರು ಇವರೇ ಅಲ್ಲವೇ? ಆಗಿಲ್ಲದ ಆತುರ ಬೀಗದ ವಿಷಯದಲ್ಲೇಕೆ?

ಸುರಕ್ಷಿತವಾಗಿ ಇಡುವೆನೆಂಬ ಮುಚ್ಚಳಿಕೆಯನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ಕೇಳುತ್ತವೆ. ಅದು ಕಾಗದದಲ್ಲೇ ಉಳಿದರೆ ಯಾರಿಗೆ ರಕ್ಷಣೆ? ಪರವಾನಗಿ ನವೀಕರಿಸುವ ಅಧಿಕಾರಿಗಳು ಕೋವಿಯ ನಂಬರನ್ನಷ್ಟೇ ನೋಡದೆ, ಅದನ್ನು ಇಡುವ ಪೆಟ್ಟಿಗೆಯನ್ನೂ ತೆರೆಸಿ ನೋಡಲಿ. ಆ ಮನೆಯ ಹೆಂಗಸರನ್ನೂ ಕೆಲಸದವರನ್ನೂ ಕರೆದು ವಿಚಾರಿಸಲಿ.