ಗೇಟಿಗೆ ನೇತುಹಾಕಿದ ಬೀಗದ ಕೈ

ಈ ವಾರ ತಪ್ಪೊಪ್ಪಿಗೆಯಿಂದಲೇ ಶುರು ಮಾಡಬೇಕು. ಮೊಮ್ಮಗಳನ್ನು ಅವಳು ಮಾಡದ ತಪ್ಪಿಗೆ ಬೈದೆ. ಬೈದದ್ದು ಸಾಲದೆಂದು ಅವಳ ಟ್ಯಾಬ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಒಂದಲ್ಲ ಎರಡಲ್ಲ, ಎಂಟು ದಿನ.

ನಡೆದದ್ದು ಹೀಗೆ. ಸಂಜೆ ಏಳು ಗಂಟೆಯಾಯಿತೆಂದರೆ ನಮ್ಮ ಮನೆಯ ಇಂಟರ್‌ನೆಟ್ಟು ಎತ್ತಿನ ಗಾಡಿಯಾಗುತ್ತಿತ್ತು. ನಮ್ಮ ಮನೆಯ ಅಜ್ಜಿ ನೋಡುವ ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಮೇಲೆ ಕೈ ಎತ್ತಿದರೆ, ಎತ್ತಿದ ಕೈ ಐದು ನಿಮಿಷ ಹಾಗೇ ನಿಂತಿರುತ್ತಿತ್ತು. ಪರದೆಯ ಮೇಲೆ ಚಕ್ರ ಮಾತ್ರ ಸುತ್ತುತ್ತಿತ್ತು. ಪುಣೆಯಲ್ಲಿರುವ ಮಗಳು ವಿಡಿಯೋ ಕಾಲ್ ಮಾಡಿದರೆ ಅವಳ ಮುಖ ಚೌಕ ಚೌಕವಾಗಿ ಒಡೆದು ಕಾಣುತ್ತಿತ್ತು. ಎಂಟನೇ ತರಗತಿಯ ನಮ್ಮ ಪುಟ್ಟಿ ಅದೇ ಹೊತ್ತಿಗೆ ಟ್ಯಾಬ್ ಹಿಡಿದು ಕೂರುತ್ತಾಳೆ. ಇನ್ನೇನು ಬೇಕು? "ಮೂರು ಹೊತ್ತೂ ಅದರಲ್ಲೇ ಮುಖ ಇಟ್ಟುಕೊಂಡಿದ್ದರೆ ಮನೆಯವರಿಗೆ ಎಲ್ಲಿ ಉಳಿಯುತ್ತೆ?" ಎಂದು ಹರಿಹಾಯ್ದೆ. "ನಾನಲ್ಲ ತಾತ" ಎಂದಳು. ಮೊದಲ ದಿನ ಅತ್ತಳು. ಎರಡನೇ ದಿನದಿಂದ ನನ್ನ ಜೊತೆ ಮಾತು ಬಿಟ್ಟಳು.

ಟ್ಯಾಬ್ ಬೀರುವಿನೊಳಗೆ ಮಲಗಿದ ಮೇಲೂ ಇಂಟರ್‌ನೆಟ್ಟು ಏಳು ಗಂಟೆಗೆ ಸರಿಯಾಗಿ ಕುಂಟುತ್ತಲೇ ಇತ್ತು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ಫೈಲು ನೋಡಿದವನು ಈ ಡಬ್ಬಿಗೆ ಸೋಲುವುದೇ ಎಂದು ಐದನೇ ದಿನ ನಾನೇ ರಿಪೇರಿಗೆ ಕೂತೆ. ರೂಟರಿನ ಹಿಂಭಾಗದಲ್ಲಿ ಒಂದು ಸಣ್ಣ ತೂತು ಕಂಡಿತು. ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರಲ್ಲ, ಅದು ಇದೇ ಇರಬೇಕೆಂದು ಅಜ್ಜಿಯ ಸೇಫ್ಟಿ ಪಿನ್ ತಗೊಂಡು ಚುಚ್ಚಿ ಹಿಡಿದು ಹತ್ತು ಎಣಿಸಿದೆ. ದೀಪಗಳೆಲ್ಲ ಒಮ್ಮೆ ಹತ್ತಿ ಆರಿದವು. ಮತ್ತೆ ಹತ್ತಿದವು. ಇಂಟರ್‌ನೆಟ್ ಮಾತ್ರ ಬರಲಿಲ್ಲ.

ನನ್ನ ವಯಸ್ಸಿನವರು ಇಲ್ಲಿ ಸ್ವಲ್ಪ ಗಮನಿಸಬೇಕು. ಸ್ವಿಚ್ ಆರಿಸಿ ಹಾಕುವುದೇ ಬೇರೆ, ಆ ತೂತಿಗೆ ಚುಚ್ಚುವುದೇ ಬೇರೆ. ಮೊದಲನೆಯದು ರೂಟರಿಗೆ ಒಂದು ನಿದ್ದೆ ಕೊಟ್ಟ ಹಾಗೆ. ಎರಡನೆಯದು ಅದಕ್ಕೆ ಪೂರ್ತಿ ಮರೆವು ಬರಿಸಿದ ಹಾಗೆ. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗಾಗುತ್ತದೆ. ಸಂಪರ್ಕ ಕೊಟ್ಟ ಕಂಪನಿಯವರು ಅದರೊಳಗೆ ಬರೆದಿಟ್ಟ ನಮ್ಮ ಖಾತೆಯ ಹೆಸರು, ಪಾಸ್‌ವರ್ಡು ಎಲ್ಲ ಅಳಿಸಿಹೋಗುತ್ತವೆ. ಅವರೇ ಬಂದು ಮತ್ತೆ ಬರೆಯಬೇಕು. ಅವರು ಬರಲು ಎರಡು ದಿನ ಹಿಡಿಯಿತು.

ಆ ಎರಡು ದಿನದಲ್ಲಿ ಒಂದು ತಮಾಷೆ ನಡೆಯಿತು. ನಮ್ಮ ಎದುರಿನ ಮೋರಿ ಕಟ್ಟೆಯ ಮೇಲೆ ದಿನಾ ಸಂಜೆ ಕೂರುವ ಹುಡುಗರಲ್ಲಿ ಒಬ್ಬ, "ತಾತ, ನಿಮ್ಮನೇಲಿ ನೆಟ್ ಯಾವಾಗ ಬರುತ್ತೆ?" ಎಂದು ಕೇಳಿದ. ಈಗಿನ ಕಾಲದಲ್ಲೂ ನೆರೆಹೊರೆಯವರ ಕಷ್ಟ ವಿಚಾರಿಸುವ ಮಕ್ಕಳಿದ್ದಾರಲ್ಲ ಎಂದು ನನಗೆ ಮನಸ್ಸು ತುಂಬಿ ಬಂತು.

ಎಂಟನೇ ದಿನ ಕಂಪನಿಯ ಹುಡುಗ ಬಂದ. ಐದು ನಿಮಿಷದ ಕೆಲಸ. ಹೊರಡುವಾಗ, "ವೈಫೈಗೆ ನಿಮ್ಮ ಹೆಸರು, ಪಾಸ್‌ವರ್ಡಿಗೆ ನಿಮ್ಮ ಮೊಬೈಲ್ ನಂಬರೇ ಹಾಕಿದ್ದೀನಿ ಸಾರ್. ಮುಂಚೆಯೂ ಅದೇ ಇತ್ತು, ನೆನಪಿಗೆ ಸುಲಭ" ಎಂದ. ಬಾಗಿಲಲ್ಲಿ ನಿಂತಿದ್ದ ಪುಟ್ಟಿ ಅದನ್ನು ಕೇಳಿಸಿಕೊಂಡು ಸರಸರ ಹೊರಗೆ ಹೋದಳು. ಒಂದು ನಿಮಿಷಕ್ಕೆ ವಾಪಸು ಬಂದು, ಅಷ್ಟು ದಿನಗಳ ನಂತರ ಮೊದಲ ಮಾತು ಆಡಿದಳು: "ತಾತ, ಸ್ವಲ್ಪ ಗೇಟಿನ ಹತ್ತಿರ ಬನ್ನಿ."

ಗೇಟಿನ ಮೇಲೆ ನಾನೇ ತಂತಿಯಿಂದ ಕಟ್ಟಿದ ಬೋರ್ಡು. 'ಮೇಲಿನ ಮನೆ ಬಾಡಿಗೆಗೆ ಇದೆ.' ಕೆಳಗೆ ನನ್ನ ಹೆಸರು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಮೊಬೈಲ್ ನಂಬರು.

ಏಳು ಗಂಟೆಯಾಗಲಿ ಎಂದು ಕಾದಳು. ಆಮೇಲೆ ರೂಟರನ್ನು ಮಗುಚಿ, ತಳದ ಚೀಟಿಯಲ್ಲಿದ್ದ 192.168.1.1 ಎಂಬ ಅಂಕಿಯನ್ನು ಬ್ರೌಸರಿನಲ್ಲಿ ಹೊಡೆದಳು. (ಕೆಲವು ರೂಟರುಗಳಲ್ಲಿ ಬೇರೆ ಅಂಕಿ ಇರುತ್ತದೆ, ಚೀಟಿ ನೋಡಬೇಕು.) ಹೆಸರು ಕೇಳಿತು, 'ಅಡ್ಮಿನ್'. ಪಾಸ್‌ವರ್ಡ್ ಕೇಳಿತು, ಅದೂ 'ಅಡ್ಮಿನ್'. ಬಾಗಿಲು ತೆರೆಯಿತು. ಯಾವ ಯಾವ ಉಪಕರಣ ನಮ್ಮ ವೈಫೈಗೆ ಅಂಟಿಕೊಂಡಿದೆ ಎಂಬ ಪಟ್ಟಿ ಅಲ್ಲಿತ್ತು. ನಮ್ಮವು ನಾಲ್ಕು: ನನ್ನ, ಮಗನ, ಸೊಸೆಯ ಫೋನು, ಅಜ್ಜಿಯ ಟೀವಿ. ಪಟ್ಟಿಯಲ್ಲಿದ್ದದ್ದು ಹನ್ನೊಂದು.

ಕಿಟಕಿಯಿಂದ ನೋಡಿದೆ. ಮೋರಿ ಕಟ್ಟೆಯ ಮೇಲೆ ತಲೆ ತಗ್ಗಿಸಿದ ಏಳು ಹುಡುಗರು. ಇಷ್ಟು ದಿನ ಗಾಳಿಗೆ ಕೂತಿದ್ದಾರೆ ಅಂದುಕೊಂಡಿದ್ದೆ.

ಆ ಹುಡುಗರು ಕೆಟ್ಟವರಲ್ಲ, ಆಟ ಆಡುತ್ತಿದ್ದರು, ಅಷ್ಟೆ. ಆದರೆ ಎಲ್ಲ ಕಡೆ ಕತೆ ಇಷ್ಟಕ್ಕೇ ಮುಗಿಯುವುದಿಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವುದಕ್ಕೆ ಸ್ವಲ್ಪ ಮುಂಚೆ ಒಂದು ಬೆದರಿಕೆಯ ಇ-ಮೇಲ್ ಬಂತು. ಪೊಲೀಸರು ಅದರ ಜಾಡು ಹಿಡಿದು ಹೋದರೆ ಸಿಕ್ಕಿದ್ದು ನವಿ ಮುಂಬಯಿಯಲ್ಲಿದ್ದ ಒಬ್ಬ ಅಮೆರಿಕನ್ನನ ಮನೆ. ಕಳಿಸಿದವರು ಬೇರೆ ಯಾರೋ. ಅವನ ಮನೆಯ ವೈಫೈ ಬಳಸಿದ್ದರು. ಆ ಮನುಷ್ಯ ವಿಚಾರಣೆ ಎದುರಿಸಬೇಕಾಯಿತು. ಹೊರಗಿನವರಿಗೆ ಕಾಣುವುದು ಸಂಪರ್ಕ ಯಾರ ಹೆಸರಲ್ಲಿದೆ ಎಂಬುದೇ ಹೊರತು ಫೋನು ಯಾರ ಕೈಯಲ್ಲಿದೆ ಎಂಬುದಲ್ಲ.

ಪುಟ್ಟಿಗೆ ಹುಡುಗರಿಗಿಂತ ಆ 'ಅಡ್ಮಿನ್' ದೊಡ್ಡ ಚಿಂತೆಯಾಗಿತ್ತು. ಇಲ್ಲಿ ಬೀಗ ಎರಡು. ವೈಫೈ ಪಾಸ್‌ವರ್ಡು ಮನೆಯ ಮುಂಬಾಗಿಲಿನದು, ಅಡ್ಮಿನ್ ಪಾಸ್‌ವರ್ಡು ತಿಜೋರಿಯದು. ಎರಡನೆಯದು ಕೈಗೆ ಸಿಕ್ಕವನು ಮುಂಬಾಗಿಲಿನ ಬೀಗವನ್ನೇ ಬದಲಿಸಿ ನಮ್ಮನ್ನು ಹೊರಗೆ ನಿಲ್ಲಿಸಬಹುದು. ಅದಕ್ಕಿಂತ ಕೆಟ್ಟದ್ದೂ ಇದೆ. ನಾವು ಬ್ಯಾಂಕಿನ ಹೆಸರು ಹೊಡೆದಾಗ ಅದು ಯಾವ ಅಂಕಿಯ ವಿಳಾಸದಲ್ಲಿದೆ ಎಂದು ಯಾರನ್ನು ಕೇಳಬೇಕೆಂಬುದು ರೂಟರಿನೊಳಗೆ ಬರೆದಿರುತ್ತದೆ. ಅದನ್ನು ತಿದ್ದಿದರೆ, ಬ್ಯಾಂಕಿನಂತೆಯೇ ಕಾಣುವ ಕಳ್ಳರ ಪುಟಕ್ಕೆ ನಾವೇ ನಡೆದುಕೊಂಡು ಹೋಗುತ್ತೇವೆ.

ಕಾರ್ಖಾನೆಯವರು ಇಟ್ಟ ಪಾಸ್‌ವರ್ಡು ಸಾವಿರಾರು ಡಬ್ಬಿಗಳಿಗೆ ಒಂದೇ ಇದ್ದರೆ ಏನಾಗುತ್ತದೆಂದು 2016ರಲ್ಲಿ ಇಡೀ ಲೋಕ ನೋಡಿತು. 'ಮಿರಾಯ್' ಎಂಬ ದುಷ್ಟ ತಂತ್ರಾಂಶವೊಂದು ಅಂಥ ಸುಮಾರು ಅರವತ್ತು ಹೆಸರು-ಪಾಸ್‌ವರ್ಡುಗಳ ಪಟ್ಟಿ ಹಿಡಿದು ಊರೂರಿನ ಕ್ಯಾಮರಾ, ರೂಟರುಗಳ ಬಾಗಿಲು ತಟ್ಟಿತು. ತೆರೆದವನ್ನೆಲ್ಲ ಸೈನ್ಯಕ್ಕೆ ಸೇರಿಸಿಕೊಂಡಿತು. ಅಕ್ಟೋಬರ್ 21ರಂದು ಆ ಸೈನ್ಯ ಒಮ್ಮೆಲೇ ನುಗ್ಗಿದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ಹಲವರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಮಕ್ಕಳೇ, ಇದನ್ನು ಬರೆದವರು ಮೂವರು ಯುವಕರು. ಮೊದಮೊದಲು ಅವರು ಇದನ್ನು ಬಳಸಿದ್ದು ಮೈನ್‌ಕ್ರಾಫ್ಟ್ ಆಟದ ಎದುರಾಳಿ ಸರ್ವರುಗಳನ್ನು ಕೆಡವಲು! ಮುಂದಿನ ವರ್ಷ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಅದೇ 2017ರ ಜುಲೈನಲ್ಲಿ ನಮ್ಮ ಕರ್ನಾಟಕಕ್ಕೂ ಇಂಥದ್ದೇ ಗಾಳಿ ತಗುಲಿತು. 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮ್‌ಗಳು ಕೆಟ್ಟು ಕೂತವು. ಪಾಸ್‌ವರ್ಡ್ ಬದಲಿಸಿ ಎಂದು ಸಂಸ್ಥೆಯೇ ಗ್ರಾಹಕರಿಗೆ ಸೂಚನೆ ಕೊಟ್ಟಿತು.

ನಮ್ಮ ಮನೆಯಲ್ಲಿ ಅಂದು ರಾತ್ರಿಯೇ ಎಲ್ಲ ಬದಲಾಯಿತು. ಅಡ್ಮಿನ್‌ಗೆ ಹೊಸ ಪಾಸ್‌ವರ್ಡು. ವೈಫೈ ಹೆಸರಿನಿಂದ ನನ್ನ ಹೆಸರಿಗೆ ಕೊಕ್. ಅದರ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಪೋಣಿಸಿದಳು, ಏಣಿ, ಉಪ್ಪಿನಕಾಯಿ ಅಂತೇನೋ. (ನಿಜವಾದದ್ದು ಹೇಳುವಷ್ಟು ದಡ್ಡ ಈಗ ನಾನಲ್ಲ.) ಉದ್ದವಿದ್ದಷ್ಟೂ ಊಹಿಸುವುದು ಕಷ್ಟ, ನೆನಪಿಗೆ ಮಾತ್ರ ಕಷ್ಟವಿಲ್ಲ. ಕಷ್ಟವಾದದ್ದು ಟೀವಿಗೆ. ರಿಮೋಟಿನ ಬಾಣದ ಗುಂಡಿ ಒತ್ತಿ ಒತ್ತಿ ಒಂದೊಂದೇ ಅಕ್ಷರ ಆರಿಸುವಷ್ಟರಲ್ಲಿ ಮೂರು ಸಲ ತಪ್ಪಿ, ಅಜ್ಜಿಯ ಧಾರಾವಾಹಿಯೇ ಮುಗಿದುಹೋಯಿತು. ಆ ರಿಮೋಟ್ ಕಂಡುಹಿಡಿದವನು ಸಿಕ್ಕರೆ ನನಗೆ ತಿಳಿಸಿ.

ಊಟಕ್ಕೆ ಕೂತಾಗ ಎಲ್ಲರೆದುರಿಗೆ, "ತಪ್ಪಾಯ್ತು ಪುಟ್ಟಿ" ಎಂದೆ. ಅವಳು ಹುಳಿ ಕಲಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಎಂಟು ದಿನ ತಾತ" ಎಂದಳು.

ಪಾಸ್‌ವರ್ಡುಗಳನ್ನು ಬರೆದ ಚೀಟಿ ಈಗ ಬೀರುವಿನಲ್ಲಿದೆ, ಟ್ಯಾಬ್ ಇದ್ದ ಜಾಗದಲ್ಲೇ. ಬೀರುವಿನ ಬೀಗದ ಕೈ ಅವಳ ಹತ್ತಿರ. ನನ್ನ ಫೋನಿಗೆ ಹೊಸ ಪಾಸ್‌ವರ್ಡ್ ಇನ್ನೂ ಹಾಕಿಕೊಟ್ಟಿಲ್ಲ. ಇವತ್ತಿಗೆ ಮೂರನೇ ದಿನ.