ಊರು ಬಿಟ್ಟವನ ಹಿಂದೆ ಹೊರಟ ದೇವರು



ಸುರಪುರದಿಂದ ಕೃಷ್ಣೆಯನ್ನು ದಾಟಿ ಲಿಂಗಸುಗೂರು ಮಾರ್ಗವಾಗಿ ಮುಂದೆ ಸಾಗಿದರೆ ಸಿಂಧನೂರು ತಾಲ್ಲೂಕು. ಅಲ್ಲಿ ಆರ್.ಎಚ್. ಕ್ಯಾಂಪುಗಳೆಂದು ಕರೆಯಲ್ಪಡುವ ವಸತಿಗಳಿವೆ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದ ನೆಲದಿಂದ, ಉಟ್ಟ ಬಟ್ಟೆಯಲ್ಲಿ ಹೊರಟು ಬಂದ ಬಂಗಾಲಿ ಹಿಂದೂ ಕುಟುಂಬಗಳಿಗೆ ಸರ್ಕಾರವು ದಶಕಗಳ ಹಿಂದೆ ಅಲ್ಲಿ ನೆಲೆ ಕಲ್ಪಿಸಿತು. 2024ರ ಆಗಸ್ಟ್ ತಿಂಗಳಲ್ಲಿ ಆ ಕ್ಯಾಂಪುಗಳ ಐವರಿಗೆ ಭಾರತದ ಪೌರತ್ವದ ಪ್ರಮಾಣಪತ್ರ ದೊರೆಯಿತು. ಪತ್ರಿಕೆಗಳಲ್ಲಿ ಅದು ಸಣ್ಣ ಸುದ್ದಿ. ಓದಿದವರು ಓದಿದರು, ಬಹಳ ಜನ ಪುಟ ತಿರುವಿದರು. ಆದರೆ ಒಬ್ಬ ಮನುಷ್ಯ ತನ್ನ ಆಯುಷ್ಯದ ಬಹುಪಾಲನ್ನು ಒಂದು ಕಾಗದಕ್ಕಾಗಿ ಕಾಯುತ್ತ ಕಳೆದನೆಂದರೆ, ಆ ಕಾಯುವಿಕೆಯಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು ಯಾವುದು ಎಂಬುದು ಧರ್ಮದ ಪ್ರಶ್ನೆಯೂ ಹೌದು. ಆದ್ದರಿಂದ ಈ ವಾರ ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಮೊದಲು ಲೋಕದ ಮಾತು. ದುಡಿಯಲು ಭೂಮಿ ಇದೆ, ಇರಲು ಮನೆ ಇದೆ, ಮಕ್ಕಳು ಕನ್ನಡ ಶಾಲೆಗೆ ಹೋಗುತ್ತವೆ, ಇನ್ನು ಈ ಕಾಗದ ಯಾತಕ್ಕೆ ಎಂದು ನಮ್ಮ ಹಿರಿಯರು ಕೇಳಬಹುದು. ಯಾತಕ್ಕೆಂದರೆ, ಪ್ರಜೆಯಲ್ಲದವನು ಎಷ್ಟು ವರ್ಷ ಬಾಳಿದರೂ ಇಲ್ಲಿ ಬೀಗರ ಮನೆಗೆ ಬಂದವನಂತೆ. ಕೂಡು ಎಂದರೆ ಕೂಡಬೇಕು, ಏಳು ಎಂದರೆ ಏಳಬೇಕು. ಸರ್ಕಾರಿ ನೌಕರಿ, ಪಾಸ್‌ಪೋರ್ಟು, ಮತದ ಹಕ್ಕು ಎಲ್ಲವೂ ಆ ಒಂದು ಕಾಗದದ ಮೇಲೆ ನಿಂತಿವೆ.

ಈ ಗಂಟು ಬಿದ್ದದ್ದು ಹೇಗೆ ಎಂಬುದನ್ನು ತಿಳಿಯಬೇಕು. 1947ರಲ್ಲಿ ದೇಶ ಎರಡಾದಾಗ ಬಂಗಾಲವೂ ಎರಡಾಯಿತು. ಆಚೆ ಉಳಿದ ಹಿಂದೂಗಳು ಒಂದೇ ಸಲ ಬಂದವರಲ್ಲ. ಒಂದೊಂದು ಗಲಭೆಯ ನಂತರ ಒಂದಿಷ್ಟು ಜನ ಎಂಬಂತೆ ಬರುತ್ತಲೇ ಇದ್ದರು. 1971ರ ಯುದ್ಧದ ವರ್ಷದಲ್ಲಂತೂ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದರು. ಮತವನ್ನು ನೋಡದೆ ಈ ದೇಶ ಅವರಿಗೆಲ್ಲ ಅನ್ನವಿಟ್ಟಿತು. ಆದರೆ 1971ರ ಮಾರ್ಚ್ 25ರ ನಂತರ ಬಂದವರನ್ನು ಯುದ್ಧ ಮುಗಿದ ಮೇಲೆ ಹಿಂತಿರುಗಬೇಕಾದವರೆಂದೇ ಸರ್ಕಾರ ಎಣಿಸಿತು. ಬಹುತೇಕರು ಹಿಂತಿರುಗಿದರು. ಹೋಗಲಾರದವರು ಉಳಿದರು. ಉಳಿದವರ ಹೆಸರಿನ ಮುಂದೆ ಯಾವ ದೇಶವೂ ಇರಲಿಲ್ಲ.

ಇನ್ನು ಕಾನೂನಿನ ಸಂಗತಿ. ಪೌರತ್ವ ಕಾಯ್ದೆ 1955ರದು. ಅದು ಕಾಲಕಾಲಕ್ಕೆ ತಿದ್ದುಪಡಿಯಾಗಿದೆ. 1987ರ ಜುಲೈ 1ಕ್ಕೆ ಮುಂಚೆ ಈ ಗಣರಾಜ್ಯದ ನೆಲದಲ್ಲಿ ಹುಟ್ಟಿದ ಕೂಸು, ತಂದೆತಾಯಿ ಯಾವ ದೇಶದವರಿದ್ದರೂ, ಸಾಮಾನ್ಯವಾಗಿ ಪ್ರಜೆಯೇ. ಆ ದಿನದಿಂದೀಚೆಗೆ ಹುಟ್ಟಿದ್ದರೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದ್ದರೆ ಇಬ್ಬರೂ ಪ್ರಜೆಗಳಿರಬೇಕು, ಇಲ್ಲವೆ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರೆನಿಸಿಕೊಳ್ಳದವರಾಗಿರಬೇಕು. ಇದರ ಪರಿಣಾಮವನ್ನು ನೋಡಿ. ಒಂದೇ ಒಲೆಯ ಮುಂದೆ ಉಣ್ಣುವ ಮನೆಯಲ್ಲಿ ಗಡಿ ದಾಟಿ ಬಂದ ಅಜ್ಜ ಪರದೇಶಿ. 1985ರಲ್ಲಿ ಕ್ಯಾಂಪಿನಲ್ಲಿ ಹುಟ್ಟಿದ ಮಗ ಪ್ರಜೆ. ಆ ಮಗನು ಎಳವೆಯಲ್ಲಿ ಕಾಗದವಿಲ್ಲದೆ ಗಡಿ ದಾಟಿ ಬಂದ ಹೆಣ್ಣನ್ನು ಲಗ್ನವಾಗಿದ್ದರೆ 2005ರಲ್ಲಿ ಹುಟ್ಟಿದ ಮೊಮ್ಮಗ ಮತ್ತೆ ಪರದೇಶಿ! ಅದೇ ತಿದ್ದುಪಡಿಯು ಅಕ್ರಮ ವಲಸಿಗರೆನಿಸಿಕೊಂಡವರಿಗೆ ಅರ್ಜಿ ಹಾಕುವ ಬಾಗಿಲನ್ನೂ ಮುಚ್ಚಿತು. ಹತ್ತಾರು ವರ್ಷ ಇಲ್ಲಿಯೇ ಇದ್ದೇವೆ ಎಂಬ ಮಾತು ಕೆಲಸಕ್ಕೆ ಬರಲಿಲ್ಲ.

2019ರ ಡಿಸೆಂಬರಿನಲ್ಲಿ ಸಂಸತ್ತು ಮತ್ತೊಂದು ತಿದ್ದುಪಡಿ ಮಾಡಿತು. ಬಾಂಗ್ಲಾದೇಶ, ಪಾಕಿಸ್ತಾನ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರಸಿ, ಕ್ರೈಸ್ತ ಜನರನ್ನು ಅಕ್ರಮ ವಲಸಿಗರೆಂದು ಎಣಿಸಬಾರದು, ಅವರು ಐದು ವರ್ಷ ಇಲ್ಲಿ ವಾಸವಿದ್ದರೆ ಸಾಕು ಎಂದಿತು. ಆದರೂ ನಿಯಮಗಳು ಹೊರಬರಲು ನಾಲ್ಕು ವರ್ಷಕ್ಕೂ ಮೇಲಾಗಿ 2024ರ ಮಾರ್ಚ್ 11 ಬರಬೇಕಾಯಿತು. ಆ ನಿಯಮಗಳ ಪ್ರಕಾರ ಜಿಲ್ಲೆಯಲ್ಲಿ ಕಾಗದಪತ್ರ ನೋಡಿ, ಪ್ರಮಾಣವಚನ ಬೋಧಿಸುವ ಸಮಿತಿಯ ಮುಖ್ಯಸ್ಥರು ಅಂಚೆ ಅಧೀಕ್ಷಕರು. ಬಿಟ್ಟು ಬಂದ ಊರಿನಿಂದ ಒಂದು ಕಾಗದವಾದರೂ ಬಂದೀತೇ ಎಂದು ಟಪಾಲಿನವನ ದಾರಿ ನೋಡಿದ ಜನರಿಗೆ ಕೊನೆಗೆ ಟಪಾಲು ಇಲಾಖೆಯ ಅಧಿಕಾರಿಯ ಎದುರಿನಲ್ಲಿಯೇ ಈ ದೇಶದ ಹೆಸರಿನಲ್ಲಿ ಆಣೆ ಮಾಡುವ ಯೋಗ ಬಂತು.

ಈ ಕಾಯ್ದೆಯ ಬಗ್ಗೆ ದೇಶದಲ್ಲಿ ಎರಡು ಅಭಿಪ್ರಾಯಗಳಿವೆ, ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಮುಸಲ್ಮಾನರನ್ನು ಬಿಟ್ಟರು, ಶ್ರೀಲಂಕೆಯಿಂದ ಬಂದ ತಮಿಳರನ್ನು ಬಿಟ್ಟರು ಎಂಬ ಆಕ್ಷೇಪಣೆ ಒಂದು ಕಡೆ. ಆ ಮೂರು ದೇಶಗಳಲ್ಲಿ ಮತದ ಕಾರಣಕ್ಕೆ ಕಷ್ಟಪಟ್ಟ ಅಲ್ಪಸಂಖ್ಯಾತರಿಗೆ ಬೇರೆ ಆಸರೆ ಎಲ್ಲಿ ಎಂಬ ಸಮರ್ಥನೆ ಇನ್ನೊಂದು ಕಡೆ. ಮಠದವರು ಏನು ಹೇಳಬೇಕು? ದಾಸೋಹದ ಪಂಕ್ತಿಯಲ್ಲಿ ಕೂತವನಿಗೆ ನೀನು ಯಾರು ಎಂದು ಕೇಳಿ ಅನ್ನ ಬಡಿಸುವ ಪದ್ಧತಿ ಶರಣರದಲ್ಲ. ರಾಜ್ಯ ಆಳುವವರಿಗೆ ಗಡಿ ಉಂಟು, ಲೆಕ್ಕ ಉಂಟು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲು ಯಾರಿಗೆ ತೆರೆಯಿತೋ ಅವರ ಸಂತೋಷದಲ್ಲಿ ಪಾಲುಗೊಳ್ಳುವಾಗ, ಯಾರಿಗೆ ತೆರೆಯಲಿಲ್ಲವೋ ಅವರೂ ನೆರಳಿಲ್ಲದೆ ನಿಂತಿದ್ದಾರೆಂಬ ಅರಿವು ಭಕ್ತನಿಗೆ ಇರಬೇಕಾಗುತ್ತದೆ.

ಇಲ್ಲಿ ನಮ್ಮ ನೆಲದ ಶರಣರೊಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಸುರಪುರ ಸೀಮೆಯ ಕೆಂಭಾವಿಯ ಭೋಗಣ್ಣನವರ ಚರಿತ್ರೆಯನ್ನು ಪುರಾಣದಲ್ಲಿ ಕೇಳದ ಹಿರಿಯರು ಈ ಭಾಗದಲ್ಲಿ ವಿರಳ. ಶಿವನು ಅಂತ್ಯಜನ ವೇಷದಲ್ಲಿ ಭೋಗಣ್ಣನವರ ಮನೆಗೆ ಬಂದನು. ಭೋಗಣ್ಣನವರು ಕುಲ ಕೇಳಲಿಲ್ಲ, ಒಳಗೆ ಕರೆದು ಸತ್ಕರಿಸಿ ಉಣಬಡಿಸಿದರು. ಊರಿನ ಮೇಲ್ಜಾತಿಯವರು ಸಿಟ್ಟಾಗಿ ದೊರೆಗೆ ದೂರು ಕೊಟ್ಟರು. ಊರು ಬಿಡು ಎಂಬ ಆಜ್ಞೆಯಾಯಿತು. ಭೋಗಣ್ಣನವರು ವಾದಿಸಲಿಲ್ಲ, ಶಪಿಸಲಿಲ್ಲ, ಹೊರಟರು. ಅವರು ಹೊರಟದ್ದೇ ತಡ, ಊರಿನ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಪೀಠ ಬಿಟ್ಟು ಅವರ ಹಿಂದೆ ಹೊರಟವಂತೆ! ಗುಡಿ ಬರಿದಾದವು. ಕಡೆಗೆ ಹೊರಹಾಕಿದವರೇ ಬಂದು ಬೇಡಿಕೊಂಡು ಅವರನ್ನು ಹಿಂದಕ್ಕೆ ಕರೆದೊಯ್ದರು. ಹರಿಹರ ಕವಿಯೂ ಈ ಶರಣರ ಮೇಲೆ ರಗಳೆ ಬರೆದಿದ್ದಾನೆ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಪವಾಡವೆಂದು ಕೇಳಿ, ಕೈಮುಗಿದು ಏಳುತ್ತೇವೆ. ಆದರೆ ಭೋಗಣ್ಣನವರ ಸ್ಥಾನದಲ್ಲಿ ನಿಂತು ನೋಡಿ. ಊರಬಾಗಿಲು ದಾಟುವಾಗ ಅವರು ಹಿಂತಿರುಗಿ ನೋಡಲಿಲ್ಲ. ಹಿಂದೆ ಲಿಂಗಗಳು ಬರುತ್ತಿವೆ ಎಂಬುದು ಅವರಿಗೆ ಮೊದಲೇ ತಿಳಿದಿರಲಿಲ್ಲ. ತಿಳಿದು ಹೊರಟಿದ್ದರೆ ಅದಕ್ಕೆ ನಂಬಿಗೆ ಎನ್ನುವುದೇಕೆ? ಪದ್ಮೆಯ ಸೀಮೆಯಲ್ಲಿ ಮನೆಗೆ ಬೀಗ ಹಾಕಿ, ಕೂಸನ್ನು ಬಗಲಲ್ಲಿಟ್ಟುಕೊಂಡು ಹೊರಟ ತಾಯಿಗೂ ಮುಂದೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಇದೆ, ಅಲ್ಲಿ ಭತ್ತ ಬೆಳೆದೇವು, ದುರ್ಗಾಪೂಜೆ ಮಾಡೇವು ಎಂಬುದು ಗೊತ್ತಿರಲಿಲ್ಲ. ಹೆಜ್ಜೆ ಇಟ್ಟ ಮೇಲೆ ಮುಂದಿನ ಹೆಜ್ಜೆಯಷ್ಟು ಮಾತ್ರ ದಾರಿ ಕಂಡಿತು. ದೇವರ ಮಾರ್ಗದರ್ಶನ ಎಂದರೆ ಬಹುತೇಕ ಇಷ್ಟೇ ಇರುತ್ತದೆ. ಕಂದೀಲಿನ ಬೆಳಕಿನಲ್ಲಿ ಹೊಲದ ದಾರಿ ನಡೆದವರಿಗೆ ಇದು ಹೊಸ ಮಾತಲ್ಲ.

ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲಿ ಒಂದು ಸೂಕ್ಷ್ಮವಿದೆ. ಭಕ್ತಸ್ಥಲದ ಭಕ್ತಿ ಶ್ರದ್ಧೆಯದು, ಮಹೇಶಸ್ಥಲದ್ದು ನಿಷ್ಠೆಯದು, ಪ್ರಸಾದಿಸ್ಥಲದ್ದು ಅವಧಾನದ್ದು. ಶ್ರದ್ಧೆ ಹುಟ್ಟುವುದು ಸುಲಭ. ಜಾತ್ರೆಯಲ್ಲಿ ತೇರು ಎಳೆದಾಗ ಎಲ್ಲರಲ್ಲಿಯೂ ಹುಟ್ಟುತ್ತದೆ. ನಿಷ್ಠೆಯ ಪರೀಕ್ಷೆ ಬೇರೆ. ಹತ್ತು ವರ್ಷ ಬೇಡಿದ್ದು ಕೈಗೂಡದೆ ಇದ್ದರೂ ದೇವರ ಕೈ ಬಿಡದವನು ಮಹೇಶ. ಅಷ್ಟಕ್ಕೇ ನಿಲ್ಲಬಾರದು. ಅದರ ಮುಂದಿನದು ಅವಧಾನ, ಅಂದರೆ ಎಚ್ಚರ. ಪ್ರಸಾದವೆಂದು ಕೈಗೆ ಬಂದ ಒಂದು ಅಗುಳನ್ನೂ ಚೆಲ್ಲದೆ ಕಾಪಾಡುವ ಎಚ್ಚರ. ದೇವರು ನಡೆಸುತ್ತಾನೆ ಎಂದು ನಂಬಿ ಕಟ್ಟೆಯ ಮೇಲೆ ಕೂತವನಲ್ಲಿ ಶ್ರದ್ಧೆ ಇರಬಹುದು, ಅವಧಾನವಿಲ್ಲ. ಸಿಂಧನೂರಿನ ಆ ಜನರು ಕಾಯುವ ಕಾಲದಲ್ಲಿ ಹೊಲ ಉತ್ತರು, ಕನ್ನಡ ಕಲಿತರು, ಮಕ್ಕಳನ್ನು ಓದಿಸಿದರು, ಅರ್ಜಿಯ ಮೇಲೆ ಅರ್ಜಿ ಹಾಕಿದರು. ಹಳೆಯ ಚೀಟಿಗಳನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟವರಿಗೆ ಬಾಗಿಲು ತೆರೆದ ದಿನ ಆ ಚೀಟಿಗಳೇ ಕೆಲಸಕ್ಕೆ ಬರುತ್ತವೆ. ಟ್ರಂಕು ಕಾಪಾಡುವುದೂ ಒಂದು ಪೂಜೆಯೇ ಎಂದರೆ ಕೆಲವರು ನಕ್ಕಾರು. ಕಲ್ಯಾಣದ ಗಲಭೆಯ ನಂತರ ಉಳವಿಯ ಕಡೆ ನಡೆದ ಶರಣರು ಹೊತ್ತೊಯ್ದದ್ದು ಬಂಗಾರವನ್ನಲ್ಲ, ವಚನದ ಓಲೆಗಳನ್ನು ಎಂಬುದನ್ನು ಅಂಥವರು ನೆನೆಯಲಿ.

ಇದೆಲ್ಲ ಪರರ ಕಥೆ ಎಂದು ಯಾದಗಿರಿ, ಶಹಾಪುರ, ಸುರಪುರದ ನಾವು ಹೇಳುವಂತಿಲ್ಲ. 1947ರ ಆಗಸ್ಟ್ 15ರಂದು ದೇಶವೆಲ್ಲ ಧ್ವಜ ಏರಿಸಿದಾಗ ಈ ಮೂರು ತಾಲ್ಲೂಕುಗಳು ನಿಜಾಮರ ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಇಲ್ಲಿ ತ್ರಿವರ್ಣ ಧ್ವಜ ಹಿಡಿದವನಿಗೆ ಸೆರೆಮನೆ. ಕೃಷ್ಣೆ ಭೀಮೆಯರ ಈ ನಾಡಿನವನು ಪಕ್ಕದ ವಿಜಾಪುರ ಜಿಲ್ಲೆಗೆ ಹೋದರೆ ಅದು ಸ್ವತಂತ್ರ ಭಾರತ, ಮರಳಿ ಮನೆಗೆ ಬಂದರೆ ಅಲ್ಲ! ರಜಾಕಾರರ ಹಾವಳಿಗೆ ಅಂಜಿ ಸೊಲ್ಲಾಪುರ, ವಿಜಾಪುರದ ಕಡೆ ಗಂಟುಮೂಟೆ ಕಟ್ಟಿಕೊಂಡು ಹೋದ ಮನೆತನಗಳು ಈ ಭಾಗದಲ್ಲಿ ಬಹಳ. ನಿರಾಶ್ರಿತ ಎಂಬ ಶಬ್ದ ನಮಗೂ ತಗಲಿದ್ದೇ. ಹದಿಮೂರು ತಿಂಗಳ ನಂತರ, 1948ರ ಸೆಪ್ಟೆಂಬರ್ 17ಕ್ಕೆ ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದು ಸಂಸ್ಥಾನ ಶರಣಾಯಿತು. 1950ರ ಜನವರಿ 26ರಂದು ಸಂವಿಧಾನ ಪೂರ್ಣವಾಗಿ ಜಾರಿಗೆ ಬಂದು ನಾವು ಗಣರಾಜ್ಯದ ಪ್ರಜೆಗಳಾದೆವು. ಆ ಹೋರಾಟದ ಮುಂದಾಳುವಾಗಿದ್ದವರು ಒಬ್ಬ ಸನ್ಯಾಸಿ, ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು. ಕಾವಿ ಉಟ್ಟವನಿಗೆ ರಾಜಕಾರಣವೇಕೆ ಎನ್ನುವವರಿಗೆ ಅವರ ಸೆರೆವಾಸವೇ ಉತ್ತರ. ಇದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಕಾರ್ಯಾಚರಣೆ ಮುಗಿದ ನಂತರದ ದಿನಗಳಲ್ಲಿ ಈ ಸೀಮೆಯ ನಿರಪರಾಧಿ ಮುಸಲ್ಮಾನರ ಮೇಲೂ ಸೇಡು ನಡೆಯಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಹೆಸರಿಸಿತು.

ಕಾಗದದ ಕಾಟವೂ ನಮಗೆ ಹೊಸತಲ್ಲ. ನಿಜಾಮರ ಕಾಲದಲ್ಲಿ ನೌಕರಿ ಬೇಕೆಂದರೆ ‘ಮುಲ್ಕಿ’ ಎಂದು ರುಜುವಾತು ಕೊಡಬೇಕಿತ್ತು. ಹೊರಗಿನಿಂದ ಬಂದವನಾದರೆ ಹದಿನೈದು ವರ್ಷ ಇಲ್ಲಿ ನೆಲೆಸಿರಬೇಕು ಎಂದು 1919ರ ಫರ್ಮಾನು. ಇಂದು 371(ಜೆ) ಪ್ರಮಾಣಪತ್ರಕ್ಕಾಗಿ ತಹಶೀಲ್ ಕಚೇರಿಯ ಮುಂದೆ ನಿಲ್ಲುವ ನಮ್ಮ ಹುಡುಗರಿಗೆ ಆ ಹಳೆಯ ಮುಲ್ಕಿಯ ಸುದ್ದಿ ಹೇಳಿದರೆ ಆಶ್ಚರ್ಯಪಡುತ್ತಾರೆ.

ಇದಕ್ಕಿಂತ ಹತ್ತಿರದ ಎಚ್ಚರಿಕೆ ಒಂದುಂಟು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಗುಡಿಸಲುಗಳನ್ನು ಬಾಂಗ್ಲಾದೇಶದವರವು ಎಂಬ ಶಂಕೆಯ ಮೇಲೆ ಕೆಡವಿದರು. ಅಲ್ಲಿದ್ದವರಲ್ಲಿ ಈಶಾನ್ಯ ರಾಜ್ಯಗಳ ಜನರ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ವಿಷಯ ಹೈಕೋರ್ಟಿಗೆ ಹೋಗಿ, ನ್ಯಾಯಾಲಯ ಆ ಕ್ರಮವನ್ನು ಒಪ್ಪಲಿಲ್ಲ. ತನ್ನ ರಾಜ್ಯದ ರಾಜಧಾನಿಯಲ್ಲಿ, ತನ್ನ ಭಾಷೆ ಆಡುತ್ತ, ಮನುಷ್ಯ ಪರದೇಶಿ ಎನಿಸಿಕೊಂಡನು. ತಗಡಿನ ಗುಡಿಸಲಲ್ಲಿ ಇದ್ದಾನೆ, ಮೈಮೇಲೆ ಸಿಮೆಂಟಿನ ಧೂಳಿದೆ, ಆದ್ದರಿಂದ ಹೊರಗಿನವನು! ವರ್ಷವರ್ಷವೂ ಗುಳೆ ಹೋಗುವ ಜನ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಎಷ್ಟಿದ್ದಾರೆ ಎಂಬುದು ಊರ ಹಿರಿಯರಿಗೆ ಗೊತ್ತು. ಕಟ್ಟಡದ ಕೆಲಸದ ಜಾಗದಲ್ಲಿಯೇ ಹೆರಿಗೆಯಾಗಿ, ಹುಟ್ಟಿದ ದಿನ ಎಲ್ಲಿಯೂ ದಾಖಲಾಗದ ಕೂಸುಗಳೂ ಇವೆ. ‘ಅಪ್ಪಾರ, ಶಾಲಿಗೆ ಹಾಕೂ ಮುಂದ ಬರಸಿದ್ರಾತು ಬಿಡ್ರಿ’ ಎನ್ನುತ್ತಾರೆ. ಆ ಕಾಲ ಹೋಯಿತು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಯಿಂದ ಮತದಾರರ ಪಟ್ಟಿಯವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ ಎಂದು ಕಾನೂನಾಗಿದೆ.

ಆದ್ದರಿಂದ ಈ ಸಲ ಸುಗ್ಗಿ ಮುಗಿಸಿ ಗುಳೆ ಹೊರಡುವವರಿಗೆ ಮನೆಯ ಹಿರಿಯರು ವಿಭೂತಿ ಹಚ್ಚಿ ಕಳಿಸುವಾಗ ಇದನ್ನೂ ಹೇಳಿ ಕಳಿಸಿರಿ. ಕೂಸು ಎಲ್ಲಿ ಹುಟ್ಟಿತೋ ಅಲ್ಲಿಯೇ, ಆ ಊರಿನ ಆಸ್ಪತ್ರೆ ಅಥವಾ ನೋಂದಣಿ ಕಚೇರಿಯಲ್ಲಿ, ಇಪ್ಪತ್ತೊಂದು ದಿನದೊಳಗೆ ಬರೆಸಿದರೆ ದುಡ್ಡು ಹತ್ತುವುದಿಲ್ಲ. ವರ್ಷ ದಾಟಿದರೆ ಅಧಿಕಾರಿಗಳ ಆದೇಶ ತರಬೇಕು, ಕೂಲಿ ಬಿಟ್ಟು ತಿರುಗಬೇಕು. ತಾಯಿ ಕಾರ್ಡು, ರೇಶನ್ ಕಾರ್ಡು, ಹೊಲದ ಪಹಣಿ, ಹಿರಿಯರ ಹಳೆಯ ಶಾಲೆಯ ದಾಖಲೆ, ಇವುಗಳ ಒಂದೊಂದು ಪ್ರತಿ ಮಾಡಿಸಿ ಊರಲ್ಲಿ ಉಳಿಯುವ ಅಜ್ಜ ಅಜ್ಜಿಯರ ಕೈಗೆ ಕೊಟ್ಟು ಹೋಗಲಿ. ಓದಲು ಬಾರದವರಿಗೆ ಆಯಾ ಊರಿನ ಮಠದಲ್ಲಿ ಓದು ಬಲ್ಲ ಹುಡುಗರು ಅರ್ಜಿ ತುಂಬಿಕೊಡಲಿ. ಸೋಮವಾರ ಸಾಯಂಕಾಲ ಪುರಾಣಕ್ಕೆ ಮೊದಲು ಒಂದು ತಾಸು ಇದಕ್ಕೆ ಸಾಕಾದೀತು.